ಒಳಗಿನ ಗಾಳಿಯ ನಾಗರತ್ನಮ್ಮ

ನನಗೆ ವಾಂತಿಯಾದದ್ದು ಕಾರಿನೊಳಗಿನ ಹಳಸಿದ ಗಾಳಿಯಿಂದ. ನಾನು ಬಸ್ಸಿನಲ್ಲಿ ಓಡಾಡಿದವಳು ಎಂಬ ಕಾರಣಕ್ಕಲ್ಲ, ಮದುವೆಮನೆಯ ಚಿರೋಟಿ ಹೆಚ್ಚಾಗಿ ತಿಂದದ್ದಕ್ಕೂ ಅಲ್ಲ. ಆ ಗಾಳಿಯನ್ನು ಹಾಗೆ ಕೂಡಿಹಾಕಿದವರು ನನ್ನ ಬೀಗಿತಿ ನಾಗರತ್ನಮ್ಮ. ಅವರು ತೀರಿಕೊಂಡು ವರ್ಷವಾಗುತ್ತ ಬಂತು. ಹೋದವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎಂದು ಮಗಳು ಸುಮ ಹೇಳುತ್ತಾಳೆ. ಅವಳು ಆಡಲಿ. ನಾನು ನಡೆದದ್ದನ್ನು ಹೇಳುತ್ತೇನೆ.

ನಾಗರತ್ನಮ್ಮ ನನ್ನ ಅಳಿಯ ರಘುವಿನ ತಾಯಿ. ಜಯನಗರದಲ್ಲಿ ಸ್ವಂತ ಮನೆ, ಬಾಗಿಲಲ್ಲಿ ಕಾರು. ಕಾರಿನ ಮುಂದಿನ ಸೀಟು ಅವರದು. ಸೊಸೆಯೂ ಅಲ್ಲಿ ಕೂರುವಂತಿರಲಿಲ್ಲ. ಕೂತ ಕೂಡಲೇ, ಬೆಲ್ಟು ಹಾಕುವ ಮೊದಲೇ, ಉಂಗುರದ ಬೆರಳು ಎ.ಸಿ.ಯ ಒಂದು ಗುಂಡಿಯ ಮೇಲೆ ಹೋಗುತ್ತಿತ್ತು.

"ಹೊರಗಿನ ಗಾಳಿ ಒಂಚೂರೂ ಬರಬಾರದು ಕಣೋ ರಘು. ಈ ಊರಿನ ಗಾಳೀಲಿ ಏನಿದೆ ಮಣ್ಣು? ಬರೀ ಧೂಳು."

ಆಮೇಲೆ ಕೈಚೀಲದಿಂದ ನೋವಿನ ಮುಲಾಮು ಹೊರಬರುತ್ತಿತ್ತು. ಹಣೆಗಷ್ಟು, ಕುತ್ತಿಗೆಗಷ್ಟು, ಮಂಡಿಗಷ್ಟು. ಬೀರುವಿನಿಂದ ಆಗಷ್ಟೇ ಎಳೆದ ರೇಷ್ಮೆ ಸೀರೆಯ ನುಸಿಗುಳಿಗೆ ವಾಸನೆ ಬೇರೆ. ಅದೆಲ್ಲ ಒಳಗೇ ಸುತ್ತುತ್ತಿತ್ತು. ಹಿಂದೆ ಕೂತವರು ಒಬ್ಬರಾದ ಮೇಲೊಬ್ಬರು ಆಕಳಿಸುತ್ತಿದ್ದೆವು. "ನೋಡಿ, ಎಷ್ಟು ತಂಪಾಗಿದೆ, ಎಲ್ಲರಿಗೂ ನಿದ್ದೆ ಬಂತು" ಎಂದು ಅವರು ಹಿಗ್ಗುತ್ತಿದ್ದರು.

ಕೆಟ್ಟವರಲ್ಲ. ಸುಮಾಳ ಬಾಣಂತನದ ಹೊತ್ತಿಗೆ ನಾನು ಟೈಫಾಯ್ಡಿನಿಂದ ಮಲಗಿದ್ದೆ. ಎಣ್ಣೆ ಹಚ್ಚಿ, ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟವರು ಅವರೇ. ಅದು ಅವರ ಕೈಗುಣ. ಬಾಯಿ ಬೇರೆ.

ರಾಮನಗರದ ಮದುವೆಯಿಂದ ಬರುವಾಗ ನನಗೆ ವಾಂತಿಯಾಯಿತು. ತಲೆ ಸುತ್ತುತ್ತಿದೆ, ಕಿಟಕಿ ಇಳಿಸಿ ಎಂದು ಮೊದಲೇ ಕೇಳಿದ್ದೆ. "ಧೂಳು ಬರುತ್ತೆ, ತಡ್ಕೊಳಿ" ಎಂದಿದ್ದರು. ತಡೆದುಕೊಂಡೆ, ಆಗಲಿಲ್ಲ. ಅದಾದ ಮೇಲೆ ಯಾವ ಮನೆಗೆ ಹೋದರೂ ಅವರು ಹೇಳಿದ್ದು ಒಂದೇ ಮಾತು: "ನಮ್ಮ ಬೀಗಿತಿಗೆ ಕಾರು ಒಗ್ಗಲ್ಲ ಕಣ್ರೀ. ಪಾಪ, ಅಭ್ಯಾಸ ಇಲ್ಲ."

ಇಷ್ಟಕ್ಕೇ ನಿಂತಿದ್ದರೆ ನುಂಗಿಕೊಳ್ಳುತ್ತಿದ್ದೆ. ಮೊಮ್ಮಗ ಕಿರಣ ಸ್ಕೂಲಿಗೆ ಸೇರುವವರೆಗೂ ಜಯನಗರದ ಪಕ್ಕದ ಸಿದ್ದಾಪುರದ ನನ್ನ ಮನೆಯಲ್ಲೇ ಬೆಳೆದವನು. ಅವನಿಗೆ ಹೆಣ್ಣು ನೋಡಲು ಹೊರಟಾಗ, ಕಾರು ಒಗ್ಗದು ಎಂಬ ನೆಪ ಹೇಳಿ ನನ್ನನ್ನು ಬಿಟ್ಟು ಹೋದರು. ಹುಡುಗಿಯ ಮುಖವನ್ನು ನಾನು ಫೋನಿನಲ್ಲಿ ನೋಡಿದೆ.

ನಿಶ್ಚಿತಾರ್ಥ ಗೊತ್ತಾಯಿತು. ಈ ಸಲವೂ ಬಿಟ್ಟು ಹೋದರೆ ನಾನು ಆ ಹುಡುಗನಿಗೆ ಯಾರು? ಸುಮಾಳನ್ನು ಹಿಡಿದು ನಿಲ್ಲಿಸಿ, ಅವಳ ಅತ್ತೆ ಒತ್ತುವ ಆ ಗುಂಡಿ ಏನು ಮಾಡುತ್ತದೆ ಎಂದು ಕೇಳಿದೆ. ಅವಳು ಮನೆಮುಂದೆ ನಿಲ್ಲಿಸಿದ್ದ ಕಾರಿನ ಬಾಗಿಲು ತೆಗೆದು ತೋರಿಸಿದಳು. ಅದರ ಮೇಲೆ ಅಕ್ಷರವಿಲ್ಲ, ಚಿತ್ರವಿದೆ: ಒಂದು ಕಾರು, ಅದರ ಹೊಟ್ಟೆಯೊಳಗೇ ತಿರುಗಿಕೊಂಡ ಬಾಣ.

"ಇದನ್ನ ಒತ್ತಿದ್ರೆ ಒಳಗಿನ ಗಾಳೀನೇ ಎಳ್ಕೊಂಡು, ತಣ್ಣಗ್ ಮಾಡಿ, ಮತ್ತೆ ಒಳಗೇ ಬಿಡುತ್ತೆ ಅಮ್ಮ. ಬೇಗ ತಂಪಾಗುತ್ತೆ, ಲಾರಿ ಹೊಗೆನೂ ಅಷ್ಟಾಗಿ ಬರಲ್ಲ. ಆದ್ರೆ ಸ್ವಲ್ಪ ಹೊತ್ತಿಗೆ ಮಾತ್ರ. ಇಷ್ಟು ಜನ ಬಿಟ್ಟ ಉಸಿರು ಒಳಗೇ ಸುತ್ತುತ್ತಿದ್ರೆ ತಲೆ ಭಾರ ಆಗುತ್ತೆ, ಗಾಜು ಮಸುಕಾಗುತ್ತೆ. ಆಮೇಲೆ ಇನ್ನೊಂದ್ಸಲ ಒತ್ತಿ ಹೊರಗಿನದು ಬಿಡ್ಬೇಕು."

"ಧೂಳು?"

"ಫಿಲ್ಟರ್ ಇದೆ, ಸೋಸ್ಕೊಂಡು ಬರೋದು."

"ನಿಮ್ಮತ್ತೆಗೆ ಹೇಳಲಿಲ್ವೇನೆ?"

"ಹೇಳ್ದೆ. ನಿಮ್ಮಮ್ಮ ಹೇಳ್ಕೊಟ್ಟು ಕಳಿಸಿದ್ರಾ ಅಂದ್ರು."

ಅಲ್ಲಿಗೆ ನನಗೆ ದಾರಿ ಕಾಣಿಸಿತು.

ನಿಶ್ಚಿತಾರ್ಥ ಬೊಮ್ಮನಹಳ್ಳಿಯ ಒಂದು ಪಾರ್ಟಿ ಹಾಲ್‌ನಲ್ಲಿ. ಕಿರಣ ಗೆಳೆಯರ ಜೊತೆ ಮುಂದೆ ಹೋಗಿದ್ದ. ನಾಗರತ್ನಮ್ಮ ಸೀರೆಯ ನೆರಿಗೆ ಸರಿಮಾಡಿಕೊಂಡು ಹೊರಗೆ ಬರುವಷ್ಟರಲ್ಲಿ ನಾನು ಮುಂದಿನ ಸೀಟಿನಲ್ಲಿ ಬೆಲ್ಟು ಬಿಗಿದು ಕೂತಿದ್ದೆ. ಬೆಳಗಿನಿಂದ ಹೊಟ್ಟೆಗೆ ಏನೂ ಹಾಕಿರಲಿಲ್ಲ.

"ಅದು ನನ್ನ ಜಾಗ ಬೀಗಿತಿಯವರೇ."

"ಕಾರು ಒಗ್ಗದವರು ಮುಂದೆ ಕೂರಬೇಕಂತೆ ಬೀಗಿತಿಯವರೇ. ಒಗ್ಗೋರು ಎಲ್ಲಿ ಕೂತರೇನು?"

ರಘು ಕೆಮ್ಮಿದ. ಅವರು ಹಿಂದೆ ಕೂತರು. ನಾನೇ ವಿಚಾರಿಸಿದೆ, "ಯಾವ ಗಾಳಿ ಬಿಡಲಿ? ಒಳಗಿಂದಾ, ಹೊರಗಿಂದಾ?"

"ಒಳಗಿಂದೇ. ಕೇಳೋದೇನಿದೆ ಅದರಲ್ಲಿ."

ಒತ್ತಿದೆ. ಹೊರಗಿನ ಗಾಳಿ ಬಿಟ್ಟು ಎಲ್ಲರಿಗೂ ಉಪಕಾರ ಮಾಡಬಹುದಿತ್ತು. ಅವತ್ತು ಉಪಕಾರ ನನಗೆ ಬೇಕಿರಲಿಲ್ಲ.

ಬಿ.ಟಿ.ಎಂ. ದಾಟುವಾಗ ಮಳೆ ಬಂತು. ಸಿಲ್ಕ್ ಬೋರ್ಡಿನ ಹತ್ತಿರ ಕಾರು ಒಂದು ಮಾರು ಹೋಗುವುದು, ಗಕ್ಕನೆ ನಿಲ್ಲುವುದು. ಗಾಜೆಲ್ಲ ಮಸುಕಾಯಿತು. ರಘು ಗುಂಡಿಗೆ ಕೈ ಚಾಚಿದ.

"ಬೇಡಪ್ಪ, ನಿಮ್ಮಮ್ಮನಿಗೆ ಧೂಳು ಆಗಲ್ಲ" ಎಂದೆ. ಅವನು ಬಟ್ಟೆ ತೆಗೆದು ಗಾಜು ಒರೆಸಿದ.

ಹಿಂದಿನಿಂದ ಮುಲಾಮಿನ ಡಬ್ಬಿ ತೆರೆದ ಸದ್ದು ಕೇಳಿತು. ಆಮೇಲೆ ಬಳೆಯ ಸದ್ದು. ಆಮೇಲೆ ಸಣ್ಣ ದನಿ: "ರಘು, ಕಿಟಕಿ ಒಂಚೂರು..."

"ಮಳೇಲಿ ಎಂಥಾ ಕಿಟಕಿ? ತಡ್ಕೊಳಿ, ಬಂದೇ ಬಿಡ್ತು" ಎಂದೆ. ಬಂದಿರಲಿಲ್ಲ. ಬೊಮ್ಮನಹಳ್ಳಿ ಇನ್ನೂ ದೂರವಿತ್ತು.

ವಾಂತಿ ಬಂದೇಬಿಟ್ಟಿತು, ಸುಮ ಅತ್ತೆಯ ಬಾಯಿಗೆ ಕವರು ಹಿಡಿದಳು. ಸೆರಗಿನ ಅಂಚು ಮಾತ್ರ ನೆನೆಯಿತು, ಉಳಿದ ಸೀರೆಗೆ ಏನೂ ಆಗಲಿಲ್ಲ. ಆಗ ನಾನು ಹೊರಗಿನ ಗಾಳಿ ಬಿಟ್ಟೆ. ಎರಡು ಸಿಗ್ನಲ್ ದಾಟುವುದರೊಳಗೆ ಗಾಜು ತಿಳಿಯಾಯಿತು.

ಹಾಲ್‌ನಲ್ಲಿ ನಾಗರತ್ನಮ್ಮ ಫ್ಯಾನಿನ ಕೆಳಗೆ ಕಣ್ಣು ಮುಚ್ಚಿ ಕೂತರು. ಹುಡುಗಿಗೆ ಕುಂಕುಮವಿಟ್ಟು, ಹೂವು ಮುಡಿಸಿ, ಮಡಿಲು ತುಂಬಿದವಳು ನಾನು. ಕಿರಣ ನಗುತ್ತಿದ್ದ. ಮದುವೆಯನ್ನು ನಾಗರತ್ನಮ್ಮ ನೋಡಲಿಲ್ಲ. ಅದಕ್ಕೆ ಮೊದಲೇ ಎದೆನೋವು ಬಂದು ಹೋಗಿಬಿಟ್ಟರು. ಎಲ್ಲರೂ ಅತ್ತರು. ನನಗೆ ಅಳು ಬರಲಿಲ್ಲ. ಹೊಡೆದಾಡಲು ಸರಿಸಮ ಇನ್ನೊಬ್ಬರಿಲ್ಲ ಎಂದು ಆಗಾಗ ಅನ್ನಿಸುತ್ತದೆ, ಅಷ್ಟೆ.

ನಾನು ಅವರನ್ನು ಜೀವಂತವಾಗಿ ಕೊನೆಯ ಸಲ ನೋಡಿದ್ದು ನಿಶ್ಚಿತಾರ್ಥದ ಮಾರನೆಯ ಬೆಳಿಗ್ಗೆ. ಬೀಗಿತಿಗೆ ಮೈ ಸರಿಯಿಲ್ಲದಿದ್ದರೆ ಹೋಗಿ ವಿಚಾರಿಸುವುದು ಪದ್ಧತಿ. ಸ್ನಾನ ಮಾಡಿ, ಮೆಣಸಿನ ಸಾರು ಕಾಯಿಸಿ, ಡಬ್ಬಿಗೆ ಹಾಕಿಕೊಂಡು ಜಯನಗರಕ್ಕೆ ನಡೆದೆ. ಎದುರುಮನೆಯಾಕೆ ರಂಗೋಲಿ ಹಾಕುತ್ತಿದ್ದರು, ಪಕ್ಕದ ಮನೆಯವರು ಸೊಪ್ಪಿನ ಗಾಡಿ ನಿಲ್ಲಿಸಿಕೊಂಡಿದ್ದರು. ನಾಗರತ್ನಮ್ಮ ವರಾಂಡದಲ್ಲಿ ಕೂತಿದ್ದರು. ನನ್ನನ್ನು ಕಂಡು ಸುಮ ಗೇಟಿಗೆ ಓಡಿಬಂದಳು. "ಅಮ್ಮಾ, ಒಳಗೆ ಬಾ, ಒಳಗೆ ಬಂದು ಮಾತಾಡು" ಎಂದಳು.

ನಾನು ಒಳಗೆ ಹೋಗಲಿಲ್ಲ. ಗೇಟಿನ ಹೊರಗೇ ನಿಂತು, ರಸ್ತೆಯ ಆ ತುದಿಗೂ ಕೇಳುವಂತೆ ಕೂಗಿದೆ: "ಬೀಗಿತಿಯವರೇ, ವಾಂತಿ ನಿಂತಿತಾ?"