ನಿಂಗಪ್ಪನ ಐದನೆಯ ಕ್ಯಾಸೆಟ್ಟು

ಮೊನ್ನೆ ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ಹೋಗುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಇಬ್ಬರು ಕಾಲೇಜು ಹುಡುಗರು ಬಂದು ಕೂತರು. ಇಬ್ಬರಿಗೂ ಸೇರಿ ಒಂದು ಫೋನು, ಒಂದೊಂದು ಕಿವಿಗೆ ಹಂಚಿಕೊಂಡ ಇಯರ್‌ಫೋನು, ಜೊತೆಗೆ ಒಂದು ಜಗಳ. ಒಂದಾದ ಮೇಲೊಂದರಂತೆ, ನಡುವೆ ಒಂದೂ ಹುಳುಕಿಲ್ಲದೆ, ಅತಿ ಹೆಚ್ಚು ಶ್ರೇಷ್ಠ ಆಲ್ಬಂ ಕೊಟ್ಟ ಹಾಡುಗಾರ ಯಾರು ಎಂಬುದು ಜಗಳದ ವಿಷಯ. ಹೆಸರುಗಳೆಲ್ಲ ಪರದೇಶದವು. ಒಬ್ಬ ತನ್ನವನದು ಸತತ ಆರು ಎಂದ. ಇನ್ನೊಬ್ಬ, ಮೂರನೆಯದು ಸಪ್ಪೆ, ಆದ್ದರಿಂದ ಲೆಕ್ಕ ಮತ್ತೆ ಒಂದರಿಂದ ಶುರು ಎಂದ. ಪಕ್ಕದಲ್ಲಿ ಒಬ್ಬ ಅಜ್ಜ ಸೊಪ್ಪಿನ ಗಂಟಿನ ಮೇಲೆ ಕಾಲಿಟ್ಟುಕೊಂಡು ನಿದ್ದೆ ಹೋಗಿದ್ದ. ಜಗತ್ತಿನ ಇಷ್ಟು ದೊಡ್ಡ ಪ್ರಶ್ನೆ ತನ್ನ ಮಗ್ಗುಲಲ್ಲೇ ತೀರ್ಮಾನವಾಗುತ್ತಿರುವುದು ಅವನಿಗೆ ಗೊತ್ತೇ ಇರಲಿಲ್ಲ.

ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಮುಂದೆ ಬಾಗಿ ಕೇಳಿದೆ, "ನಾಕು ಚಲೋ ಕೊಟ್ಟು ಐದನೇದು ಕೆಟ್ರ ಏನಪಾ ಮಾಡ್ತೀರಿ?"

"ಮುಗೀತ್ರಿ ಆಂಟಿ," ಎಂದ ಒಬ್ಬ, ತಿರುಗಿಯೂ ನೋಡದೆ. "ಅಲ್ಲಿಗೆ ಕಟ್."

ಆಂಟಿ ಎಂದದ್ದನ್ನು ನಾನು ಮನ್ನಿಸಿದ್ದೇನೆ ಎಂದು ದಯವಿಟ್ಟು ನಂಬಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ತೀರ್ಪು. ಇದೇ ತೀರ್ಪನ್ನು ನಾನು ಚಿಕ್ಕವಳಿದ್ದಾಗ ನನ್ನ ಚಿಕ್ಕಪ್ಪನ ಬಾಯಿಂದ ಕೇಳಿದ್ದೆ. ಅದಕ್ಕೂ ಕಾರಣ ಒಂದು ಬಸ್ಸೇ. ಮತ್ತು ನಾನು ಮೊನ್ನೆ ಹೊರಟಿದ್ದದ್ದು ಅವನ ಮನೆಗೇ, ಅವನ ಮಗಳು ಶೋಭಾಳ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ.

ಚಿಕ್ಕಪ್ಪನಿಗೆ ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಎದುರು ಒಂದು ಕ್ಯಾಸೆಟ್ ಅಂಗಡಿ ಇತ್ತು. ಅವನಿಗೆ ಹಾಡಲು ಬರುತ್ತಿರಲಿಲ್ಲ, ಯಾವ ವಾದ್ಯವನ್ನೂ ಮುಟ್ಟಿ ಗೊತ್ತಿರಲಿಲ್ಲ. ಶಾಲೆಯಲ್ಲಿ ಪ್ರಾರ್ಥನೆ ಹೇಳುವಾಗ, ನೀನು ಬಾಯಿ ಆಡಿಸು ಸಾಕು, ಸದ್ದು ಮಾಡಬೇಡ ಎಂದು ಮೇಷ್ಟ್ರು ಕೇಳಿಕೊಂಡಿದ್ದರಂತೆ. ಇಷ್ಟೆಲ್ಲ ಅರ್ಹತೆ ಒಟ್ಟಿಗೆ ಕೂಡಿಬಂದಿದ್ದರಿಂದ ಅವನು ವಿಮರ್ಶಕನಾದ.

ಅಂಗಡಿಯಲ್ಲಿ ಮೂರು ಸಾಲು ಹಲಗೆ. ಕೆಳಗಿನ ಸಾಲಿನಲ್ಲಿ ಬ್ಯಾಟರಿ ಸೆಲ್ಲು, ಊದಿನಕಡ್ಡಿ ಮತ್ತು ಮರ್ಯಾದೆ ಕಳೆದುಕೊಂಡ ಹಾಡುಗಾರರು. ನಡುವಿನ ಸಾಲಿನಲ್ಲಿ ಸಿನಿಮಾ ಹಾಡುಗಳು. ಮನೆಯ ಜೋಳ, ಎಣ್ಣೆ, ನಮ್ಮ ಶೋಭಾಳ ಸ್ಕೂಲು, ಎಲ್ಲ ನಡೆಯುತ್ತಿದ್ದದ್ದು ಆ ನಡುವಿನ ಸಾಲಿನಿಂದ. ಆದ್ದರಿಂದಲೇ ಅದರ ಮೇಲೆ ಚಿಕ್ಕಪ್ಪನಿಗೆ ಗೌರವವಿರಲಿಲ್ಲ. ಮೇಲಿನ ಸಾಲು ಮಾತ್ರ ಬೇರೆ. ಅಲ್ಲಿಗೆ ಹೋಗಬೇಕಾದರೆ ಹಾಡುಗಾರ ಸತತವಾಗಿ ಒಳ್ಳೆಯ ಕ್ಯಾಸೆಟ್ಟು ಕೊಡುತ್ತ ಹೋಗಬೇಕು. ನಡುವೆ ಒಂದು ಬಿದ್ದರೂ ಅವನ ಹಿಂದಿನವೂ ಸೇರಿ ಎಲ್ಲವೂ ಕೆಳಗೆ, ಊದಿನಕಡ್ಡಿಯ ಪಕ್ಕಕ್ಕೆ. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಗುಡೇಕೋಟೆಯ ಕಡೆಯ ಒಬ್ಬ ತತ್ತ್ವಪದದ ಅಜ್ಜ ಒಂದೇ ಒಂದು ಕ್ಯಾಸೆಟ್ಟು ಮಾಡಿ ತೀರಿಕೊಂಡಿದ್ದ. ಒಂದನ್ನು 'ಸತತ' ಎನ್ನಬಹುದೇ? ಈ ಬಗ್ಗೆ ಚಿಕ್ಕಪ್ಪನಿಗೂ ಕೂಡ್ಲಿಗಿಯ ಒಬ್ಬ ಮೇಷ್ಟ್ರಿಗೂ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ತಿಂಗಳುಗಟ್ಟಲೆ ವಾದ ನಡೆಯಿತು. ಕೊನೆಗೆ ಅಜ್ಜನಿಗೆ ಮೇಲಿನ ಸಾಲಿನಲ್ಲಿ ಕಾಯಂ ಜಾಗ ಸಿಕ್ಕಿತು, ಸತ್ತವನು ಇನ್ನು ಕೆಡಿಸಲಾರ ಎಂಬ ಕಾರಣಕ್ಕೆ. ದೊಡ್ಡ ಕಲಾವಿದನಾಗಲು ಇದಕ್ಕಿಂತ ಭದ್ರವಾದ ದಾರಿಯನ್ನು ನಾನಂತೂ ಈವರೆಗೆ ಕೇಳಿಲ್ಲ.

ಚಿಕ್ಕಪ್ಪ ತನ್ನ ಕಿವಿಯನ್ನು ನಂಬಿ ತೀರ್ಪು ಕೊಡುತ್ತಿದ್ದ ಎಂದುಕೊಂಡರೆ ಅವನಿಗೆ ಅನ್ಯಾಯ ಮಾಡಿದಂತೆ. ಅವನದು ಬಸ್ಸಿನ ಪರೀಕ್ಷೆ. ಹೊಸ ಕ್ಯಾಸೆಟ್ಟು ಬಂದರೆ ಹರಪನಹಳ್ಳಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್ ಮಾಬುಸಾಬನ ಕೈಗೆ ಕೊಟ್ಟು, ತಾನೂ ಟಿಕೆಟ್ ತೆಗೆಸಿ ಹಿಂದೆ ಕೂರುತ್ತಿದ್ದ. ರಜೆಯಲ್ಲಿ ನಾನಿದ್ದರೆ ನನ್ನನ್ನೂ ಕರೆದೊಯ್ಯುತ್ತಿದ್ದ. ಕ್ಯಾಸೆಟ್ಟಿನ ಎರಡೂ ಮಗ್ಗುಲು ಮುಗಿಯುವುದಕ್ಕೂ ಹರಪನಹಳ್ಳಿ ಬರುವುದಕ್ಕೂ ಸರಿಹೋಗುತ್ತಿತ್ತು. ಪರೀಕ್ಷೆ ಏನೆಂದರೆ, ಬಸ್ಸಿನ ಮಂದಿ ತಮ್ಮಷ್ಟಕ್ಕೆ ತಾವು ಮಾತು ನಿಲ್ಲಿಸಬೇಕು. ಯಾರೂ ಹೊಗಳಬೇಕಾಗಿಲ್ಲ, ತಲೆ ತೂಗಬೇಕಾಗಿಲ್ಲ. ಬಾಯಿ ಮುಚ್ಚಿದರೆ ಸಾಕು. ನಮ್ಮ ಕಡೆಯ ಬಸ್ಸಿನಲ್ಲಿ ಕೂತ ಯಾರಿಗಾದರೂ ಈ ಪರೀಕ್ಷೆ ಎಷ್ಟು ಕಠಿಣವೆಂದು ಗೊತ್ತು.

ಈ ಪರೀಕ್ಷೆಯಲ್ಲಿ ಸತತವಾಗಿ ನಾಲ್ಕು ಸಲ ಗೆದ್ದವನು ಮಾಗಳದ ನಿಂಗಪ್ಪ. ಹೊಳೆಯ ದಂಡೆಯ ಊರಿನವನು, ಒಳ್ಳೆಯ ದನಿ, ಸ್ವಲ್ಪ ಹೊಲ. ಚಿಕ್ಕಪ್ಪನಿಗೆ ಅವನು ಹೆಂಡತಿಯ ಸ್ವಂತ ತಮ್ಮ. ಕಷ್ಟವಿದ್ದದ್ದೇ ಅಲ್ಲಿ.

ನಿಂಗಪ್ಪ ಹಾಡಿದ್ದು ಹರಪನಹಳ್ಳಿಯ ಒಂದು ಕೋಣೆಯಲ್ಲಿ. ಗೋಡೆಗೆ ಮೊಟ್ಟೆ ಇಡುವ ರಟ್ಟು, ಕಿಟಕಿಗೆ ಗೋಣಿಚೀಲ, ಒಂದು ಹಾರ್ಮೋನಿಯಂ, ಒಂದು ತಬಲಾ. ಮೊದಲನೆಯದು ಗುರುವಿನ ಪದಗಳು. ಎರಡನೆಯದು ತಾಯಿಯಿಂದ ಕಲಿತ ಬೀಸುವ ಕಲ್ಲಿನ ಪದಗಳು. ಅದರಲ್ಲಿ ಹೊರಗೆ ಬೊಗಳಿದ ನಾಯಿಯೊಂದು ಉಳಿದುಹೋಗಿದೆ. ಚಿಕ್ಕಪ್ಪ ಅದನ್ನು ದೋಷವೆಂದು ಹಿಡಿಯಲಿಲ್ಲ, ನಾಯಿ ಶ್ರುತಿಯಲ್ಲಿದೆ ಎಂದ. ಮೂರನೆಯದು ಅತ್ತೆ ಸೊಸೆಯರ ಜಗಳ. ನಾಲ್ಕನೆಯದು ಹೊಳೆ ದಾಟಿ ಲಗ್ನವಾಗಿ ಹೋದ ಹೆಣ್ಣುಮಕ್ಕಳ ಪದಗಳು. ಅದನ್ನು ಹಾಕಿದ ದಿನ ಬಸ್ಸು ಹರಪನಹಳ್ಳಿಗೆ ಬಂದು ನಿಂತರೂ ಯಾರೂ ಇಳಿಯಲಿಲ್ಲ. ಕಂಡಕ್ಟರ್ ಬಾಗಿಲು ಬಡಿದು ಬಡಿದು ಸುಸ್ತಾಗಿ ತಾನೂ ಮೆಟ್ಟಿಲ ಮೇಲೆ ಕೂತ. ಮಾಬುಸಾಬ ಹೆಗಲ ಮೇಲಿನ ಟವೆಲಿನಿಂದ ಕಣ್ಣು ಒರೆಸಿಕೊಂಡ. ಬೀಡಿಯ ಹೊಗೆ ಇರಬಹುದು ಎಂದು ಚಿಕ್ಕಪ್ಪ ಅನುಮಾನಪಟ್ಟ. ವಿಮರ್ಶಕರು ಹಾಗೆ ಬೇಗ ಒಪ್ಪುವ ಜನವಲ್ಲ.

ಚಿಕ್ಕಮ್ಮನಿಗೆ ಆ ಕಾಲ ಹಬ್ಬ. ತಮ್ಮ ಕೊಟ್ಟೂರಿಗೆ ಬಂದಾಗಲೆಲ್ಲ ರೊಟ್ಟಿ ಬಡಿಯುತ್ತ ಒಳಗಿನಿಂದಲೇ ಪದ ಕೇಳುತ್ತಿದ್ದಳು, ಅವನು ನಡುಮನೆಯಲ್ಲಿ ಗೋಡೆಗೆ ಒರಗಿ ಹಾಡುತ್ತಿದ್ದ. ಚಿಕ್ಕಪ್ಪ ಪಕ್ಕದಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದ, ತಾಳ ಮಾತ್ರ ಬೇರೆ ಯಾವುದೋ ಹಾಡಿನದು.

ಐದನೆಯದಕ್ಕೆ ದಾವಣಗೆರೆಯಿಂದ ಕರೆ ಬಂತು. ದೊಡ್ಡ ಸ್ಟುಡಿಯೋ, ಕೀಬೋರ್ಡು. ಒಂದು ಗುಂಡಿ ಒತ್ತಿದರೆ ಮಳೆ, ಇನ್ನೊಂದು ಒತ್ತಿದರೆ ಕೋಗಿಲೆ, ಮತ್ತೊಂದಕ್ಕೆ ಕುದುರೆಯ ಓಟ. ನಿಂಗಪ್ಪನಿಗೆ ಎಲ್ಲ ಗುಂಡಿಗಳೂ ಹಿಡಿಸಿದವು. ಮಗುವಿನ ಹಾಗೆ ಖುಷಿಯಿಂದ ಕ್ಯಾಸೆಟ್ಟು ಹಿಡಿದುಕೊಂಡು ಕೊಟ್ಟೂರಿಗೆ ಬಂದ. ಈ ಸಲ ತಾನೂ ಬಸ್ಸಿಗೆ ಬರುತ್ತೇನೆ ಎಂದು, ತಲೆಗೆ ಟವೆಲು ಸುತ್ತಿಕೊಂಡು ನಮ್ಮ ಪಕ್ಕದಲ್ಲೇ ಕೂತ.

ಬಸ್ಸು ಊರು ದಾಟಿತು. ಮೊದಲ ಹಾಡಿನಲ್ಲಿ ಮಳೆ ಶುರುವಾದಾಗ ಕಿಟಕಿಯ ಪಕ್ಕದ ಗೌಡರೊಬ್ಬರು ಹೊರಗಿನ ಸುಡುಬಿಸಿಲನ್ನು ನೋಡಿ, ಆದರೂ ಯಾತಕ್ಕೆ ಬೇಕೆಂದು ಕಿಟಕಿಯ ಗಾಜು ಎಳೆದುಕೊಂಡರು. ಎರಡನೆಯ ಹಾಡಿಗೆ ಮಂದಿಯ ಮಾತಿನಲ್ಲಿ ಈರುಳ್ಳಿಯ ಧಾರಣೆ ಬಂತು. ಮೂರನೆಯದಕ್ಕೆ ಯಾರದೋ ಕನ್ಯೆ, ಅದರ ಬೆನ್ನಿಗೆ ಆ ಕನ್ಯೆಯ ಸೋದರಮಾವನ ಗುಣಗಾನ. ಕುದುರೆ ಓಡುತ್ತಿತ್ತು, ಕೋಗಿಲೆ ಕೂಗುತ್ತಿತ್ತು, ಮಂದಿ ಅವುಗಳಿಗಿಂತ ಜೋರಾಗಿ ಮಾತಾಡುತ್ತಿದ್ದರು. ಮಾಬುಸಾಬನಿಗೆ ಕನ್ನಡಿಯಲ್ಲಿ ನಿಂಗಪ್ಪ ಕಂಡಿದ್ದ. ಮರ್ಯಾದೆಗೆ ಎರಡನೆಯ ಮಗ್ಗುಲನ್ನೂ ಹಾಕಿದ. ಅದಕ್ಕಿಂತ ಅಲ್ಲೇ ತೆಗೆದುಬಿಟ್ಟಿದ್ದರೆ ಚೆನ್ನಾಗಿತ್ತು.

ಹರಪನಹಳ್ಳಿಯಲ್ಲಿ ಇಳಿದು ಚಹಾ ಹೇಳಿದೆವು. ನಿಂಗಪ್ಪ ಟವೆಲು ಬಿಚ್ಚಿ ಮುಖ ಒರೆಸಿಕೊಂಡು ಕೇಳಿದ, "ಹೆಂಗಾತು ಮಾವ?"

ಚಿಕ್ಕಪ್ಪ ಚಹಾದ ಲೋಟವನ್ನೇ ನೋಡುತ್ತ ಹೇಳಿದ, "ಮಂದಿ ಮಾತಾಡಿದ್ರು."

ಅಷ್ಟೇ. ಹುಸಿ ಹೇಳಬಹುದಿತ್ತು, ಸ್ವಲ್ಪ ಸುತ್ತಿ ಬಳಸಿ ಹೇಳಬಹುದಿತ್ತು. ಹೆಂಡತಿಯ ತಮ್ಮನೆಂದು ಮೇಲಿನ ಸಾಲಿನಲ್ಲಿ ಉಳಿಸಿಕೊಂಡರೆ ಉಳಿದ ಹಾಡುಗಾರರಿಗೆ ಯಾವ ಮುಖ ತೋರಿಸಲಿ ಎಂದು ಆಮೇಲೆ ನನ್ನೆದುರು ಗೊಣಗಿದ. ಉಳಿದ ಹಾಡುಗಾರರಲ್ಲಿ ಒಬ್ಬನಾದರೂ ಅವನ ಅಂಗಡಿಯ ಹೆಸರು ಕೇಳಿದ್ದನೋ ಇಲ್ಲವೋ ದೇವರಿಗೇ ಗೊತ್ತು. ನಿಂಗಪ್ಪ ತಲೆಯಾಡಿಸಿ ಚಹಾ ಮುಗಿಸಿದ. ನಮ್ಮ ಜೊತೆ ಕೊಟ್ಟೂರಿಗೆ ವಾಪಸು ಬರಲಿಲ್ಲ. ಅಲ್ಲಿಂದಲೇ ಹಡಗಲಿಯ ಬಸ್ಸು ಹತ್ತಿದ. ಕಿಟಕಿಯಲ್ಲಿ ಅವನ ಮುಖ ನೋಡಿ ನನಗೆ ಅಳು ಬಂತು, ಚಿಕ್ಕಪ್ಪ ನನಗೆ ಬಾಳೆಹಣ್ಣು ಕೊಡಿಸಿದ.

ಅಂದೇ ಸಂಜೆ ನಿಂಗಪ್ಪನ ಐದೂ ಕ್ಯಾಸೆಟ್ಟು ಊದಿನಕಡ್ಡಿಯ ಪಕ್ಕಕ್ಕೆ ಇಳಿದವು. ಚಿಕ್ಕಮ್ಮನಿಗೆ ಸುದ್ದಿ ಮುಟ್ಟಿತು. ಅವಳು ಜಗಳವಾಡಲಿಲ್ಲ. ಮರುದಿನ ಬೆಳಿಗ್ಗೆ ತಲೆಯ ಮೇಲೆ ಸೆರಗು ಹೊದ್ದು ಅಂಗಡಿಗೆ ಹೋಗಿ, ಐದನ್ನೂ ಉಡಿಯಲ್ಲಿ ಹಾಕಿಕೊಂಡು ಬಂದು, ದೇವರ ಗೂಡಿನಲ್ಲಿ ಲಿಂಗದ ಪಕ್ಕಕ್ಕೆ ಸಾಲಾಗಿ ನಿಲ್ಲಿಸಿದಳು. ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದ ಗಂಡನಿಗೆ ಹೇಳಿದಳು, "ಅಂಗಡ್ಯಾಗಿನ ಮೇಲಿನ ಸಾಲು ನಿಮ್ದು. ನನ್ ಮನ್ಯಾಗ ಮೇಲಿನ ಸಾಲು ಇದು."

ಅಂದಿನಿಂದ ಚಿಕ್ಕಪ್ಪ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಬಳಿದುಕೊಂಡು, ತಾನೇ ಫೇಲು ಮಾಡಿದ ಕ್ಯಾಸೆಟ್ಟಿಗೆ ಕೈ ಮುಗಿಯತೊಡಗಿದ. ಬೇರೆ ದಾರಿ ಇರಲಿಲ್ಲ. ದೇವರಿಗೆ ಮುಗಿದ ಕೈಯಲ್ಲಿ ಇಷ್ಟು ಲಿಂಗಕ್ಕೆ, ಇಷ್ಟು ಕ್ಯಾಸೆಟ್ಟಿಗಲ್ಲ ಎಂದು ಬೇರ್ಪಡಿಸಲು ಆಗುವುದಿಲ್ಲವಲ್ಲ. ಯಾವ ದೇಶದ ಯಾವ ವಿಮರ್ಶಕನಿಗೂ ಇಂಥ ಶಿಕ್ಷೆ ಆದದ್ದು ನಾನು ಕೇಳಿಲ್ಲ. ಆಗಬೇಕು ಎಂದು ಅನೇಕ ಸಲ ಅನ್ನಿಸಿದೆ.

ನಿಂಗಪ್ಪ ಮತ್ತೆ ಕ್ಯಾಸೆಟ್ಟು ಮಾಡಲಿಲ್ಲ. ಕ್ಯಾಸೆಟ್ಟುಗಳ ಕಾಲವೇ ಮುಗಿಯಿತು, ಅಂಗಡಿಯಲ್ಲಿ ಈಗ ಮೊಬೈಲ್ ಕವರು ತೂಗುತ್ತವೆ, ಆ ಮಾತು ಬೇರೆ. ಮಾಗಳದಲ್ಲಿ ಭಜನೆಯಲ್ಲಿ ಹಾಡುತ್ತಾನಂತೆ, ಹೊಲದಲ್ಲಿ ಹಾಡುತ್ತಾನಂತೆ ಎಂದು ಸುದ್ದಿ ಬರುತ್ತಿತ್ತು. ಅಕ್ಕನ ಮನೆಗೆ ಹಬ್ಬಕ್ಕೆ ಬರುವುದನ್ನೂ ಬಿಟ್ಟಿರಲಿಲ್ಲ. ಬರುತ್ತಿದ್ದ, ಹೋಳಿಗೆ ಉಣ್ಣುತ್ತಿದ್ದ, ಮಾವನ ಜೊತೆ ಬೆಳೆ, ಮಳೆ, ರಾಜಕೀಯ ಎಲ್ಲ ಮಾತಾಡುತ್ತಿದ್ದ. ಆದರೆ ಚಿಕ್ಕಪ್ಪ ಇರುವ ಕಡೆ ಒಂದು ಸಾಲನ್ನೂ ಗುನುಗಲಿಲ್ಲ. ಚಿಕ್ಕಮ್ಮ ಬಂಗಾರ ಕೇಳಿದವಳಲ್ಲ, ಸೀರೆ ಕೇಳಿದವಳಲ್ಲ. ತಮ್ಮ ತನ್ನ ಮನೆಯಲ್ಲಿ ಮತ್ತೊಮ್ಮೆ ಹಾಡಬೇಕು ಎಂಬುದೊಂದೇ ಅವಳ ಆಸೆಯಾಗಿತ್ತು. ಪ್ರತಿ ಹಬ್ಬಕ್ಕೂ ಕೇಳುತ್ತಿದ್ದಳು. ಗಂಟಲು ಸರಿಯಿಲ್ಲ ಅಕ್ಕ ಎನ್ನುತ್ತಿದ್ದ. ಅಷ್ಟು ವರ್ಷ ಸರಿಯಾಗದ ಗಂಟಲು ಇನ್ನೆಲ್ಲಿಯೂ ಇರಲಾರದು.

ನಾನೇನು ಚಿಕ್ಕಪ್ಪನಿಗಿಂತ ಮೇಲು ಎಂದು ಭಾವಿಸಬೇಡಿ. ಈ ರೋಗ ನಮ್ಮ ಮನೆತನದ್ದು. ನನ್ನ ಗಂಡ ಸತತ ಎಷ್ಟು ದಿನ ಒಳ್ಳೆಯ ಚಹಾ ಮಾಡಿದ ಎಂಬುದು ನನ್ನ ಬಾಯಲ್ಲೇ ಇರುತ್ತದೆ. ಒಂದು ದಿನ ಹಾಲು ಉಕ್ಕಿಸಿದರೆ ಹಿಂದಿನದೆಲ್ಲ ರದ್ದು. ಪಾಪ, ಅವನನ್ನು ಇಡಲು ನನ್ನ ಮನೆಯಲ್ಲಿ ದೇವರ ಗೂಡೂ ದೊಡ್ಡದಿಲ್ಲ.

ಹೀಗೆಲ್ಲ ನೆನೆಸಿಕೊಳ್ಳುತ್ತ ಕೊಟ್ಟೂರಿನಲ್ಲಿ ಇಳಿದು ಮನೆ ಸೇರುವಷ್ಟರಲ್ಲಿ ತೊಟ್ಟಿಲು ಕಟ್ಟಿಯಾಗಿತ್ತು. ಮನೆ ತುಂಬ ಹೆಂಗಸರು, ಕುಕ್ಕರಿನ ಸೀಟಿ, ಮೂಲೆಯಲ್ಲಿ ಫೋನಿಗೆ ಸಿಕ್ಕಿಸಿದ ಡಬ್ಬದಿಂದ ಯಾವುದೋ ಜೋಗುಳ. ಅದರ ನಡುವೆ ಜಾಹೀರಾತು ಬಂದು ಸಾಲ ಬೇಕೇ ಎಂದು ಕೂಸನ್ನು ಕೇಳುತ್ತಿತ್ತು. ಚಿಕ್ಕಮ್ಮ ಹೋಗಿ ಆ ಡಬ್ಬದ ವೈರು ಕಿತ್ತಳು. ಗೋಡೆಗೆ ಒರಗಿ ಕೂತಿದ್ದ ನಿಂಗಪ್ಪನ ಎದುರು ನಿಂತು ಹೇಳಿದಳು, "ನನ್ ಮೊಮ್ಮಗಳಿಗಾದ್ರೂ ಒಂದು ಹೇಳಪಾ. ಇನ್ನು ನಾನು ಕೇಳಂಗಿಲ್ಲ."

ನಿಂಗಪ್ಪ ತಲೆಯೆಲ್ಲ ಬೆಳ್ಳಗಾದ ಮನುಷ್ಯ, ಪರೀಕ್ಷೆಗೆ ಬಂದ ಹುಡುಗನ ಹಾಗೆ ಚಿಕ್ಕಪ್ಪನ ಕಡೆ ನೋಡಿದ. ಇಂಥ ಹೊತ್ತಿನಲ್ಲಿ ಬುದ್ಧಿವಂತರು ಮಾಡುವ ಕೆಲಸವನ್ನೇ ನಾನೂ ಮಾಡಿದೆ, ಫೋನು ಮೇಲೆತ್ತಿ ರೆಕಾರ್ಡಿಂಗಿಗೆ ಸಿದ್ಧಳಾದೆ.

"ಫೋನ್ ಕೆಳಗಿಡವಾ," ಎಂದ ಚಿಕ್ಕಪ್ಪ. "ರೆಕಾರ್ಡ್ ಆತಂದ್ರ ಮತ್ತ ಹೆಂಗೈತಿ ಅಂತ ನಾನು ಹೇಳ್ಬೇಕಾಗತೈತಿ. ಹಂಗ ಹಾಡ್ಲಿ."

ನಿಂಗಪ್ಪ ಹಾಡಿದ. ದನಿ ಮೊದಲಿನದಲ್ಲ, ಮೇಲಿನ ಸ್ವರಕ್ಕೆ ಉಸಿರು ಸಾಲುತ್ತಿರಲಿಲ್ಲ. ಹೆಂಗಸರು ಮಾತು ನಿಲ್ಲಿಸಿದರೋ ಇಲ್ಲವೋ ಎಂದು ನೋಡಲು ನನ್ನ ಕಣ್ಣು ಅಭ್ಯಾಸಬಲದಿಂದ ತಿರುಗಿತು. ಅದನ್ನು ಹಿಡಿದು ವಾಪಸು ತಂದೆ. ಕೂಸಿಗೆ ಮಾತ್ರ ಯಾವ ದಾಕ್ಷಿಣ್ಯವೂ ಇರಲಿಲ್ಲ. ಮೊದಲ ಸಾಲಿಗೆ ಅಳಲು ಶುರುಮಾಡಿ ಕೊನೆಯ ಸಾಲಿನವರೆಗೂ ಕಿರುಚಿತು. ಯಾವ ಪರೀಕ್ಷೆ ಹಿಡಿದು ನೋಡಿದರೂ ಆ ಜೋಗುಳ ಕೆಳಗಿನ ಸಾಲಿನದೇ. ಚಿಕ್ಕಪ್ಪ ತೊಡೆಯ ಮೇಲೆ, ಬೇರೆ ಯಾವುದೋ ಹಾಡಿನ ತಾಳ ಹಾಕುತ್ತಿದ್ದ. ಚಿಕ್ಕಮ್ಮ ತೊಟ್ಟಿಲ ಹಗ್ಗ ಹಿಡಿದು ಸುಮ್ಮನೆ ನಿಂತಿದ್ದಳು, ತೂಗುವುದನ್ನೇ ಮರೆತಿದ್ದಳು.

ಹಾಡು ಮುಗಿಯಿತು. ನಿಂಗಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಅವನಿಗೂ ತಡೆಯಲಾಗಲಿಲ್ಲ, ಹಳೆಯ ಚಾಳಿ.

"ಹೆಂಗಾತು ಮಾವ?"

ಚಿಕ್ಕಪ್ಪ ದೇವರ ಗೂಡಿನ ಕಡೆ ಒಮ್ಮೆ ನೋಡಿದ. ಐದೂ ದೀಪದ ಹೊಗೆಗೆ ಕಪ್ಪಾಗಿ ಅಲ್ಲೇ ನಿಂತಿದ್ದವು.

"ಇನ್ನೊಂದು ಹೇಳು," ಎಂದ.