ಗ್ಯಾಸ್ ಅಷ್ಟೇ

ಅರವತ್ತು ದಾಟಿದ ನನ್ನ ಸೋದರಮಾವನನ್ನು ನಮ್ಮ ಬೀದಿಯಲ್ಲಿ ಇನ್ನೂ ‘ಹುಡುಗ’ ಅನ್ನುತ್ತಾರೆ. ಉಳಿದವರ ವಯಸ್ಸು ನೀವೇ ಊಹಿಸಿಕೊಳ್ಳಿ. ಮಾವನದು ಸೋಡಾ ಅಂಗಡಿ. ಎದೆ ಹಿಡಿದುಕೊಳ್ಳಲಿ, ಬೆವರಲಿ, ತಲೆ ಸುತ್ತಲಿ, ನಮ್ಮ ಮುದುಕರಿಗೆ ಇರುವುದು ಒಂದೇ ಕಾಯಿಲೆ, ಗ್ಯಾಸ್. ಅದಕ್ಕೆ ಒಂದೇ ಔಷಧ, ಮಾವನ ಸೋಡಾ.

ಹೋದ ವರ್ಷ ಮೂಲೆಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ಎದೆ ಉಜ್ಜಿಕೊಳ್ಳುತ್ತ ಬಂದರು. ಸೋಡಾ ಕುಡಿದು, ಜೋರಾಗಿ ತೇಗಿ, “ಈಗ ಹಗುರಾಯ್ತಪ್ಪ” ಎಂದು ಮನೆಗೆ ಹೋಗಿ ಮಲಗಿದವರು ಏಳಲಿಲ್ಲ. ಆಮೇಲೆ ಬಟ್ಟೆ ಹೊಲಿಯುವ ಅಜ್ಜಿ. ಅವರೂ ಸೋಡಾ ಕುಡಿದೇ ಹೋದದ್ದು.

“ಈ ಬೀದೀಲಿ ಸಾಯೋರೆಲ್ಲ ಹೆಚ್ಚುಕಮ್ಮಿ ಹಾರ್ಟಿಂದಾನೇ ಸಾಯೋದು. ನೀವು ನೋಡಿದ್ರೆ ಸೋಡಾ ಕುಡಿಸಿ ಮನೆಗೆ ಕಳಿಸ್ತೀರಿ!” ಎಂದು ಬೀದಿ ಕೊನೆಯ ಡಾಕ್ಟರು ಗದರಿದರು.

ಅಂದಿನಿಂದ ಮಾವ ಕೇಳಿದ ಕೂಡಲೇ ಬಾಟಲಿ ತೆಗೆಯುವುದನ್ನು ಬಿಟ್ಟ. ಯಾರೇ ಬರಲಿ, “ಎಡಗೈ ನೋಯ್ತಿದ್ಯಾ?” ಎಂದು ಮೊದಲು ಕೇಳುವುದು. “ಸೋಡಾ ಕೇಳಿದ್ರೆ ಜಾತಕ ಕೇಳ್ತೀಯಲ್ಲೋ!” ಎಂದು ಮುದುಕರು ರೇಗುತ್ತಿದ್ದರು. ಸುಳ್ಳೇಕೆ ಹೇಳಲಿ, ಕೇಳಿ ಕೇಳಿ ನಾನೂ ನನ್ನ ಎಡಗೈ ಒತ್ತಿ ನೋಡಿಕೊಳ್ಳತೊಡಗಿದೆ.

ಮೊನ್ನೆ ಮಧ್ಯಾಹ್ನ ಅತ್ತೆ ಬೆವರುತ್ತ ಒಳಗಿಂದ ಬಂದಳು. “ಗ್ಯಾಸು ಕಣ್ರೀ. ಒಂದು ಸೋಡಾ ಕೊಡಿ.”

ಮಾವನ ಕೈಯಿಂದ ಬಾಟಲಿ ಜಾರಿ ಚೂರಾಯಿತು. ಅಂಗಡಿ ಬಾಗಿಲನ್ನೂ ಹಾಕದೆ ಅವಳನ್ನು ಆಟೋ ಹತ್ತಿಸಿದ. ನಾನೂ ಹಾರಿ ಕೂತೆ. “ತೇಗು ಬಂದ್ರೆ ಸರಿಹೋಗತ್ತೆ, ಬೀದೀಲಿ ಮರ್ಯಾದೆ ಕಳೀಬೇಡಿ!” ಎಂದು ಅತ್ತೆ ದಾರಿಯುದ್ದಕ್ಕೂ ಬೈದಳು. ಮಾವ ಅವಳ ಮಣಿಕಟ್ಟು ಬಿಡಲಿಲ್ಲ. ನನಗಂತೂ ಅವಳು ಬೈಯುವುದನ್ನು ನಿಲ್ಲಿಸಿಬಿಟ್ಟರೆ ಎಂಬ ಭಯ.

ಆಸ್ಪತ್ರೆಯಲ್ಲಿ ಎದೆಗೆ ವೈರು ಅಂಟಿಸಿ ನೋಡಿದರು, ರಕ್ತ ತೆಗೆದರು. ನಾವಿಬ್ಬರೂ ಬಾಗಿಲಲ್ಲಿ ನಿಂತಿದ್ದೆವು. ಬಹಳ ಹೊತ್ತಿನ ಮೇಲೆ ಅಲ್ಲಿನ ಡಾಕ್ಟರಮ್ಮ ಬಂದು, “ಗಾಬರಿ ಬೇಡ, ನಿಜವಾಗ್ಲೂ ಗ್ಯಾಸೇ” ಎಂದರು. ಸರಿಯಾಗಿ ಆಗಲೇ ಅತ್ತೆ ವಾರ್ಡಿಗೆಲ್ಲ ಕೇಳುವಂತೆ ತೇಗಿದಳು. ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು.

ತಿರುಗಿ ನೋಡಿದರೆ ಮಾವ ಬೆಂಚಿನ ಮೇಲೆ ಗೋಡೆಗೊರಗಿ ಕೂತಿದ್ದ. ಅಂಗಿ ಒದ್ದೆಯಾಗಿ ಮೈಗೆ ಅಂಟಿತ್ತು.

“ಏನಾಯ್ತು ಮಾವ?”

“ಏನಿಲ್ಲ ಬಿಡು. ಗ್ಯಾಸ್ ಅಷ್ಟೇ.”

“ಎಡಗೈ ನೋಯ್ತಿದ್ಯಾ?” ಎಂದೆ.

ಊರವರನ್ನೆಲ್ಲ ಕೇಳಿದವನು ಬಲಗೈಯಿಂದ ಎಡಗೈಯನ್ನು ಎತ್ತಿ, ಮೆಲ್ಲಗೆ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ನಾನು ಡಾಕ್ಟರಮ್ಮನನ್ನು ಕೂಗುತ್ತ ಓಡಿದೆ.