ಗೀಜಗನ ಗಾಲಿ ನಿಲ್ಲುವ ತನಕ

ಲಿಂಗಸೂಗೂರಿನ ತಾಲೂಕು ಪಂಚಾಯತಿ ಕಚೇರಿಯಲ್ಲಿ ಲಕ್ಷ್ಮಣನಷ್ಟು ಹೆದರುಪುಕ್ಕಲ ಗುಮಾಸ್ತ ಇನ್ನೊಬ್ಬನಿರಲಿಲ್ಲ. ಸಾಹೇಬರು ಗಂಟೆ ಒತ್ತಿದರೆ ಅವನ ಎದೆ ಧಸಕ್ಕೆನ್ನುತ್ತಿತ್ತು. ಬೀದಿಯಲ್ಲಿ ನಾಯಿ ಮಲಗಿದ್ದರೆ ಗಾಡಿಯನ್ನು ಸಂದಿಯಿಂದ ಸುತ್ತಿಸಿಕೊಂಡು ಬರುತ್ತಿದ್ದ. ಇಂಥ ಪುಣ್ಯಾತ್ಮ ಸಂಜೆ ಮನೆಗೆ ಬಂದು, ಮುಖ ತೊಳೆದು, ಕಂಪ್ಯೂಟರಿನ ಮುಂದೆ ಕೂತು, ಎರಡನೇ ಮಹಾಯುದ್ಧದ ಕಾಲದ ವಿಮಾನ ಏರಿ ಶತ್ರುಗಳ ಬೆನ್ನಟ್ಟುತ್ತಿದ್ದ ಎಂದರೆ ಕಚೇರಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ಹೆಂಡತಿ ದೀಪಾ ಮಾತ್ರ ನಂಬಿದ್ದಳು. ಅಲ್ಲಿಯೂ ಅವನು ಹೆದರಿ ಬೆವರುವುದನ್ನು ಅವಳು ಕಣ್ಣಾರೆ ಕಂಡಿದ್ದಳು.

ಆ ಆಟದ ನಂಟು ಹಳೆಯದು. ಜವಳಗೇರಾದಿಂದ ಸಿಂಧನೂರಿಗೆ ಪಿಯುಸಿ ಓದಲು ಬಸ್ಸಿನಲ್ಲಿ ಹೋಗಿ ಬರುತ್ತಿದ್ದ ದಿನಗಳಲ್ಲಿ ಒಂದು ಇಂಟರ್‌ನೆಟ್ ಕೆಫೆಯಲ್ಲಿ ಅದನ್ನು ಮೊದಲು ಕಂಡ. ಬರೀ ಗುಂಡು ಹಾರಿಸುವ ಆಟವಲ್ಲ ಅದು. ಎಂಜಿನ್ ಕಾಯದಂತೆ ನೋಡಿಕೊಳ್ಳಬೇಕು, ಗಾಳಿಗೆ ರೆಕ್ಕೆ ವಾಲದಂತೆ ಹಿಡಿಯಬೇಕು, ಇಳಿಯುವಾಗ ಗಾಲಿ ಬಿಚ್ಚುವುದನ್ನು ಮರೆತರೆ ಹೊಟ್ಟೆಯ ಮೇಲೆ ಬಿದ್ದು ಸಾಯಬೇಕು. ಲಕ್ಷ್ಮಣ ಸಾವಿರ ಸಲ ಸತ್ತು ಕಲಿತ. ಒಂದು ದಿನ ಪಕ್ಕದ ಕುರ್ಚಿಯ ಹುಡುಗ ಸಹಜವಾಗಿ, "ನೀ ಯಾರ ಪೈಕಿ?" ಎಂದು ಕೇಳಿದ. ಲಕ್ಷ್ಮಣ ಊರಾಚೆಗಿನ ತನ್ನ ಕೇರಿಯ ಹೆಸರು ಹೇಳಿದ. ಮರುದಿನದಿಂದ ಆ ಹುಡುಗ ಕೆಫೆಯದನ್ನು ಮುಟ್ಟದೆ ಹೆಡ್‌ಫೋನನ್ನು ಮನೆಯಿಂದಲೇ ತರತೊಡಗಿದ. ಜಗಳವಿಲ್ಲ, ಬೈಗುಳವಿಲ್ಲ. ಆದರೆ ಅಂದಿನಿಂದ ಆ ಪ್ರಶ್ನೆ ಎಂದರೆ ಲಕ್ಷ್ಮಣನಿಗೆ ಸಾಹೇಬರ ಗಂಟೆಗಿಂತ ಹೆಚ್ಚು ಭಯ.

ಕಂಪನಿಯವರು ಆಟದ ಮೇಲೆ ಆಟ ಹೊರತಂದರು; ಹೊಸದು ಬಂದಂತೆ ಹಳೆಯದನ್ನು ಕೈಬಿಟ್ಟರು. ಆಡುವವರು ಬಿಡಬೇಕಲ್ಲ! ಯಾವ ದೇಶದವನೋ ಒಬ್ಬ ನಿವೃತ್ತ ಮೇಷ್ಟ್ರು ರೆಕ್ಕೆಯ ಮೇಲಿನ ಮೊಳೆಗಳನ್ನು ಹೊಸದಾಗಿ ಬಿಡಿಸಿದ, ಇನ್ನೊಬ್ಬ ಎಂಜಿನ್ ಸದ್ದು ತಿದ್ದಿದ, ಮತ್ತೊಬ್ಬ ತನ್ನ ಮನೆಯ ಮೂಲೆಯಲ್ಲೇ ಸರ್ವರ್ ಇಟ್ಟ. ಇಪ್ಪತ್ತು ವರ್ಷದಷ್ಟು ಹಳೆಯ ಆಟ ಊರವರೆಲ್ಲ ಸೇರಿ ಮೇಯಿಸುವ ದೇವರ ಹೋರಿಯಂತೆ ಬದುಕಿಕೊಂಡಿತ್ತು. ನಮ್ಮ ಸೀಮೆಯ ಒಂದಷ್ಟು ಮಂದಿಯೂ ಅದರಲ್ಲಿ ಗುಂಪು ಕಟ್ಟಿಕೊಂಡಿದ್ದರು. ಅದನ್ನು ಕಟ್ಟಿದವನು 'ಗೀಜಗ'. ಅವನದು ಎರಡೇ ಕಟ್ಟಳೆ. ಒಂದು, ಎಲ್ಲರಿಗೂ ಹಕ್ಕಿಯ ಹೆಸರು; ಸ್ವಂತ ಹೆಸರು, ಊರು, ಕೇರಿ ಯಾರೂ ಹೇಳಬಾರದು, ಯಾರೂ ಕೇಳಬಾರದು. ಎರಡನೆಯದು, ಕಡೆಯ ವಿಮಾನ ಇಳಿಯುವ ತನಕ ಯಾರೂ ಎದ್ದು ಹೋಗಬಾರದು. ಇಳಿದವರನ್ನು ಗೀಜಗ ಒಬ್ಬೊಬ್ಬರನ್ನೇ ಕೇಳುತ್ತಿದ್ದ, "ಗಾಲಿ ನಿಂತಾವೇನು?" ಎಂದು. ಎಲ್ಲರೂ "ನಿಂತಾವ್ರಿ" ಎಂದ ಮೇಲೆಯೇ ಆಟ ಮುಗಿಯುತ್ತಿತ್ತು.

'ಗುಬ್ಬಿ' ಎಂಬ ಹೆಸರಿನ ಲಕ್ಷ್ಮಣನಿಗೆ ಮೊದಲ ಕಟ್ಟಳೆಯೇ ಪಂಚಪ್ರಾಣ. ಅಲ್ಲಿ ಅವನು ಗೀಜಗನ ಬೆನ್ನು ಕಾಯುವ ಗುಬ್ಬಿ, ಅಷ್ಟೆ. ದನಿ ಕೇಳಿ ತನಗಿಂತ ದೊಡ್ಡವನೆಂದು ಊಹಿಸಿ ಗೀಜಗನನ್ನು ಅಣ್ಣಾ ಎನ್ನುತ್ತಿದ್ದ. ಅದಕ್ಕಿಂತ ಹೆಚ್ಚು ತಿಳಿಯುವ ಆಸೆ ಅವನಿಗಿರಲಿಲ್ಲ, ತಿಳಿಸುವ ಧೈರ್ಯವೂ ಇರಲಿಲ್ಲ.

ಗೀಜಗ ತಿಂಗಳುಗಟ್ಟಲೆ ಕೂತು ನಮ್ಮ ಸೀಮೆಯ ನಕ್ಷೆಯನ್ನೂ ಆಟದೊಳಗೆ ಕಟ್ಟಿದ್ದ. ಎಡದಂಡೆ ಕಾಲುವೆ, ದಢೇಸುಗೂರಿನ ಗದ್ದೆ, ಮಸ್ಕಿಯ ಬೆಟ್ಟ ಎಲ್ಲ ಇದ್ದವು. ಜವಳಗೇರಾ ಎಂದರೆ ನಾಲ್ಕು ಡಬ್ಬಿಯಂಥ ಮನೆಗಳು. ಹಟ್ಟಿಯ ಚಿನ್ನದ ಗಣಿ ಮಾತ್ರ ಬೇರೆಯೇ ಇತ್ತು. ಗಣಿಯ ಕಬ್ಬಿಣದ ಗೋಪುರ, ಕಂಪನಿ ಕ್ವಾರ್ಟರ್ಸ್‌ನ ಸಾಲುಗಳು, ಎತ್ತರದ ನೀರಿನ ಟ್ಯಾಂಕು, ಅದರ ಹಿಂದಿನ ಸಾಲಿನ ಕೊನೆಗೆ ಹಸಿರು ಗೇಟಿನ ಒಂದು ಮನೆ, ಮುಂದೆ ಬೇವಿನ ಮರ. "ಆ ಮನ್ಯಾಗ ಯಾರದಾರಣ್ಣಾ?" ಎಂದು 'ಪಾರಿವಾಳ' ಎಂಬ ಹೆಣ್ಣುಮಗಳು ಒಮ್ಮೆ ಚುಡಾಯಿಸಿದಾಗ ಗೀಜಗ ನಕ್ಕು ಸುಮ್ಮನಾಗಿದ್ದ. ಕೇಳಬಾರದೆಂಬುದು ಅವನದೇ ಕಟ್ಟಳೆಯಲ್ಲವೆ?

ವರ್ಷಕ್ಕೊಮ್ಮೆ, ಆಟ ಮೊದಲು ಹೊರಬಂದ ದಿನದ ನೆನಪಿಗೆ, ಎಲ್ಲರೂ ಒಟ್ಟಿಗೆ ಹಾರುವ ರೂಢಿ. ಈ ಸಲ ಅದು ಶ್ರಾವಣ ಸೋಮವಾರದಂದು ಬಂತು. ಲಕ್ಷ್ಮಣ ಹೊಟ್ಟೆನೋವಿನ ನೆಪ ಹೇಳಿ ರಜೆ ಹಾಕಿ, ದೀಪಾ ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನ ಕೂತ.

"ಇವತ್ತ ಉಪಾಸ ಐತಿ," ಎಂದ ಗೀಜಗ, ವಿಮಾನ ಮೇಲೇರಿಸುತ್ತ. "ಸಂಜಿ ಪೂಜಿ ಆಗೂ ತನಕ ಬರೀ ನೀರು."

"ಮತ್ತ ನಿಮ್ಮ ಶುಗರ್ ಸೂಜಿ ಅಣ್ಣಾ?" ಎಂದಳು ಪಾರಿವಾಳ.

"ಅದನ್ನ ಬಿಟ್ರ ಡಾಕ್ಟರ್ ಬೈತಾನ. ಮುಂಜಾನೆ ಚುಚ್ಚಿಕೊಂಡೀನಿ."

ಲಕ್ಷ್ಮಣನ ತಾಯಿ ಜೋಗಮ್ಮನಿಗೂ ಸಕ್ಕರೆ ಕಾಯಿಲೆ. ಸೂಜಿ ಚುಚ್ಚಿಕೊಂಡು ಉಣ್ಣದೆ ಹೋದ ಒಂದು ದಿನ ಆಕೆ ಬೆವೆತು, ತೊದಲಿ, ಕಟ್ಟೆಯ ಮೇಲೆ ಕುಸಿದದ್ದನ್ನು ಕಂಡಿದ್ದ. ಈಗ ಬಾಯಿ ತೆರೆಯಬೇಕಿತ್ತು. ದೊಡ್ಡವರಿಗೆ ಬುದ್ಧಿ ಹೇಳಲು ಅಂಜಿ ಸುಮ್ಮನಾದ.

ಮಸ್ಕಿ ಬೆಟ್ಟ ಬಲಕ್ಕೆ ಕಾಣುವಾಗ ಗೀಜಗನ ಮಾತು ತೊದಲತೊಡಗಿತು. "ಗುಬ್ಬೀ... ಬೆಟ್ಟ ಯಾಕ... ಎಡಕ್ಕ ಬಂತು..." ಎಂದ. ಆಮೇಲೆ ಏನೋ ಧೊಪ್ಪನೆ ಬಿದ್ದ ಸದ್ದು. ಆಮೇಲೆ ಮಾತಿಲ್ಲ.

ಅವನ ವಿಮಾನ ಮಾತ್ರ ನೆಟ್ಟಗೆ ಹಾರುತ್ತಲೇ ಇತ್ತು. ಹಿಡಿಕೆ ಬಿಟ್ಟರೂ ಅಲುಗದಂತೆ ಅದನ್ನು ಹದ ಮಾಡಿಡುವುದರಲ್ಲಿ ಗೀಜಗ ಪಳಗಿದವನು. ಲಕ್ಷ್ಮಣ ಪಕ್ಕಕ್ಕೆ ಹೋಗಿ ನೋಡಿದ. ಗಾಜಿನೊಳಗೆ ಗೊಂಬೆ ಪೈಲಟ್ ಏನೂ ಆಗಿಲ್ಲವೆಂಬಂತೆ ಕೂತಿತ್ತು. ಗೀಜಗನ ಕೈ ಮಾತಾಡಲು ಒತ್ತುವ ಮೈಕಿನ ಗುಂಡಿಯ ಮೇಲೆ ಬಿದ್ದಿರಬೇಕು. ಯಾವತ್ತೂ ಕೇಳದ ಅವನ ಮನೆಯ ಸದ್ದು ಎಲ್ಲರ ಕಿವಿಗೂ ಬರತೊಡಗಿತು. ಫ್ಯಾನಿನ ಕಿರಕಿರ, ಅದರ ನಡುವೆ ಗೊರಗೊರ ಉಸಿರು.

"ಒನ್ ನಾಟ್ ಏಟ್‌ಗೆ ಫೋನ್ ಹಚ್ರಿ," ಎಂದರು ಯಾರೋ.

"ಹಚ್ಚಿ ಏನಂತ ಹೇಳ್ಲಿ? ಹೆಸರು ಗೀಜಗ, ಊರು ಗೊತ್ತಿಲ್ಲ ಅಂತ ಹೇಳ್ಲಾ?" ಎಂದಳು ಪಾರಿವಾಳ.

ಇಷ್ಟು ವರ್ಷ ಒಟ್ಟಿಗೆ ಹಾರಿದವರಲ್ಲಿ ಒಬ್ಬರಿಗೂ ಅವನ ಮನೆ ಎಲ್ಲಿದೆಯೆಂದು ಗೊತ್ತಿರಲಿಲ್ಲ. ತನ್ನನ್ನು ಕಾಯ್ದ ಕಟ್ಟಳೆಯೇ ಈಗ ಅಣ್ಣನ ಕತ್ತು ಹಿಸುಕುತ್ತಿದೆ ಎಂದು ಲಕ್ಷ್ಮಣನಿಗೆ ಅನ್ನಿಸಿತು. ಉಸಿರು ಒಮ್ಮೆ ನಿಂತಂತಾಗಿ ಮತ್ತೆ ಬಂತು.

ಆಗ ಆ ಉಸಿರಿನ ಹಿಂದೆ ಸೈರನ್ನಿನಂಥ ಭೋಂಗಾ ಕೂಗಿತು. ಉದ್ದಕ್ಕೆ ಕೂಗಿ, ಕೊನೆಗೆ ಗಂಟಲು ಕಟ್ಟಿದಂತೆ ಕೆರೆದು ನಿಂತಿತು. ಚುನಾವಣೆ ಡ್ಯೂಟಿಗೆ ಹೋದಾಗ ಲಕ್ಷ್ಮಣ ಅದನ್ನು ಕೇಳಿದ್ದ. ಗಣಿಯಲ್ಲಿ ಪಾಳಿ ಬದಲಾಗುವ ಭೋಂಗಾ ಅದು. ನಕ್ಷೆಯ ಟ್ಯಾಂಕು, ಹಸಿರು ಗೇಟು, ಬೇವಿನ ಮರ ಒಟ್ಟಿಗೇ ಕಣ್ಮುಂದೆ ಬಂದವು.

"ಹಟ್ಟಿ," ಎಂದ. "ಅಣ್ಣ ಹಟ್ಟ್ಯಾಗ ಅದಾನ. ನಕ್ಷಾದಾಗಿನ ಹಸರ ಗೇಟಿನ ಮನಿ ಅವನದ ಇರಬೇಕು."

ಪಾರಿವಾಳ ಕಟ್ಟಳೆ ಮುರಿದಳು, "ನನ್ನ ಹೆಸರು ಹುಸ್ನಾ. ಮಸ್ಕಿಯಾಕಿ. ನನಗ ದೂರ ಆಗತೈತಿ. ಹತ್ತಿರ ಯಾರದೀರಿ, ಹೇಳ್ರಿ."

"ನಾ ವೀರೇಂದ್ರ, ಸಿಂಧನೂರು," ಎಂದಿತು ಇನ್ನೊಂದು ದನಿ. "ನನಗ ಇನ್ನೂ ದೂರ."

ಹತ್ತಿರದವನು ತಾನೇ ಎಂದು ಲಕ್ಷ್ಮಣನಿಗೆ ಗೊತ್ತಾಯಿತು. ಬೆರಳು ಗುಂಡಿಯ ಮೇಲಿದ್ದರೂ ಒತ್ತಲೊಲ್ಲದು. ಊರು ಹೇಳಿದರೆ ಹೆಸರು ಬರುತ್ತದೆ, ಹೆಸರಿನ ಹಿಂದೆ ಆ ಪ್ರಶ್ನೆ ಬರುತ್ತದೆ. ಆದರೆ ಉಸಿರು ಮತ್ತೆ ತಡವರಿಸಿತು.

"ಲಿಂಗಸೂಗೂರು," ಎಂದ. "ನಾ ಲಕ್ಷ್ಮಣ. ಹೊಂಟೆ."

"ಆಂಬುಲೆನ್ಸ್‌ಗೆ ನಾ ಹಚ್ತೀನಿ. ಅಣ್ಣನ ಇಮಾನದ ಬಾಜೂಕ ಇರ್ತೀನಿ, ಎಣ್ಣಿ ತೀರೂ ತನಕ ಬಿಡಂಗಿಲ್ಲ," ಎಂದಳು ಹುಸ್ನಾ.

ಹಟ್ಟಿಯ ರಸ್ತೆಯಲ್ಲಿ ಲಕ್ಷ್ಮಣ ಅಷ್ಟು ಜೋರಾಗಿ ಗಾಡಿ ಓಡಿಸಿದ್ದು ಅದೇ ಮೊದಲು. ಲಾರಿಯೊಂದು ಮೈಮೇಲೆ ಬಂದಂತೆ ಹಾದುಹೋಯಿತು. ಅವನ ಭಯವೆಲ್ಲ ಬೇರೆ ಕಡೆ ಇತ್ತು. ಭೋಂಗಾ ಬೇರೆ ಯಾವುದಾದರೂ ಊರಿನದಾಗಿದ್ದರೆ? ಆ ಮನೆ ಬರೀ ಚಂದಕ್ಕೆ ಬಿಡಿಸಿದ್ದಾದರೆ? ಹೋಗಿ ಮುಟ್ಟುವಷ್ಟರಲ್ಲಿ ಮೈ ತಣ್ಣಗಾಗಿದ್ದರೆ? ಸೂಜಿಯ ಸುದ್ದಿ ಬಂದಾಗಲೇ ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತಲ್ಲ ಎಂದು ತನ್ನನ್ನೇ ಬೈದುಕೊಂಡ.

ಕ್ವಾರ್ಟರ್ಸ್ ಹೊಕ್ಕಾಗ ದಿಕ್ಕೇ ತಪ್ಪಿತು. ನೂರು ಸಲ ಮೇಲಿಂದ ನೋಡಿದ ಊರು ಕೆಳಗಿನಿಂದ ಬೇರೆಯೇ ಕಂಡಿತು. ಎಲ್ಲ ಸಾಲೂ ಒಂದೇ, ಎಲ್ಲ ಗೋಡೆಯೂ ಒಂದೇ. ಗಾಡಿ ನಿಲ್ಲಿಸಿ ತಲೆ ಎತ್ತಿದ. ಟ್ಯಾಂಕು ಕಂಡಿತು. ಅದನ್ನು ಬಲಕ್ಕಿಟ್ಟುಕೊಂಡು, ಆಟದಲ್ಲಿ ತಿರುಗುವಂತೆಯೇ ತಿರುಗಿದ. ಸಾಲಿನ ಕೊನೆಗೆ ಬೇವಿನ ಮರ, ಅದರ ಹಿಂದೆ ಹಸಿರು ಗೇಟು. ಆಂಬುಲೆನ್ಸ್ ಇನ್ನೂ ಬಂದಿರಲಿಲ್ಲ. ನಾಯಿಯೊಂದು ಎದ್ದು ಬೊಗಳಿತು, ಅದರ ಮುಂದೆಯೇ ಓಡಿದ.

"ಈ ಮನಿ ಯಾರದ್ರೀ?" ಎಂದು ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯಾಕೆಯನ್ನು ಕೇಳಿದ.

"ಕರಿಬಸಯ್ಯ ಅಯ್ನೋರದು. ಅಂಬಮ್ಮಾರು ಗುಡಿಗೆ ಹೋಗ್ಯಾರ. ಅಯ್ನೋರು ಒಳಗ ಇಮಾನ ಹಾರಿಸಾಕತ್ತಿರಬೇಕು ನೋಡ್ರಿ."

"ಅಮ್ಮಾರನ್ನ ಲಗೂನ ಕರೀರಿ. ಅವ್ರಿಗೆ ಶುಗರ್ ಇಳಿದೈತಿ."

ಹಾಗೆಂದವನ ಕಾಲು ಹೊಸ್ತಿಲಲ್ಲಿ ನಿಂತುಬಿಟ್ಟಿತು. ಅಯ್ನೋರು ಎಂದರೆ ಜಂಗಮರ ಮನೆ. ಇಂಥ ಮನೆಗಳ ಅಂಗಳದಲ್ಲಿ ಅವನ ಅಪ್ಪ ಯಂಕೋಬ ಕೈಕಟ್ಟಿ ನಿಂತದ್ದನ್ನು ಅವನು ನೋಡಿದ್ದ. ಒಳಗಿನಿಂದ ಆ ಗೊರಗೊರ ಉಸಿರು ಈಗ ಹೆಡ್‌ಫೋನಿಲ್ಲದೆ ಕೇಳಿತು. ಲಕ್ಷ್ಮಣ ಒಳಗೆ ಹೋದ.

ಕರಿಬಸಯ್ಯ ಮೇಜಿನ ಮೇಲೆ ಬೋರಲಾಗಿದ್ದ. ಅಂಗಿ ಮೈಗೆ ಅಂಟಿತ್ತು, ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿದಿತ್ತು. ಪರದೆಯ ಮೇಲೆ ಅವನ ವಿಮಾನ, ಪಕ್ಕದಲ್ಲಿ ಹುಸ್ನಾಳ ವಿಮಾನ. ಲಕ್ಷ್ಮಣ ಅವನನ್ನು ಎತ್ತಿ ಕೂರಿಸಿ ಎದೆಗೆ ಒರಗಿಸಿಕೊಂಡ. ಸಕ್ಕರೆ ಬೇಕು. ಅಡಿಗೆ ಮನೆ ಎಲ್ಲಿದೆಯೋ. ಎದುರಿಗೆ ದೇವರ ಕೋಣೆಯ ಬಾಗಿಲು ತೆರೆದಿತ್ತು. ಸಂಜೆಯ ನೈವೇದ್ಯಕ್ಕೆಂದು ಬಟ್ಟಲಿನಲ್ಲಿ ಸಕ್ಕರೆ ತುಂಬಿಟ್ಟಿದ್ದರು. ದೇವರಿಗೇ ಇನ್ನೂ ತೋರಿಸದ ಸಕ್ಕರೆ. ಕರಿಬಸಯ್ಯನನ್ನು ಮೆಲ್ಲಗೆ ಕುರ್ಚಿಗೆ ಒರಗಿಸಿ ಹೋಗಿ ಅದನ್ನೇ ಎತ್ತಿಕೊಂಡ. ಅವಸರಕ್ಕೆ ಅರ್ಧ ಚೆಲ್ಲಿತು. ಉಳಿದದ್ದನ್ನು ಬೆರಳಿಗೆ ಒತ್ತಿಕೊಂಡು ಅವನ ಕೆನ್ನೆಯ ಒಳಗೆ ಸವರಿದ, ಮತ್ತೆ ಸವರಿದ, ಬಟ್ಟಲು ಖಾಲಿಯಾಗುವ ತನಕ. ರೆಪ್ಪೆ ಅಲುಗಿತು.

ಅಂಬಮ್ಮ ಓಡಿ ಬಂದು ಬಾಗಿಲಲ್ಲಿ ನಿಂತರು. ಗಂಡನನ್ನು ನೋಡಿದರು, ಅವನನ್ನು ಹಿಡಿದುಕೊಂಡ ಅಪರಿಚಿತನನ್ನು ನೋಡಿದರು, ಅವನ ಕೈಯಲ್ಲಿದ್ದ ದೇವರ ಬಟ್ಟಲನ್ನು ನೋಡಿದರು.

"ಯಾರಪಾ ನೀ?" ಎಂದರು. "ಯಾರ ಪೈಕಿ?"

ರಸ್ತೆಯಲ್ಲಿ ಲಾರಿ ಮೈಮೇಲೆ ಬಂದಾಗ ಆಗದ ಭಯ ಈಗ ಆಯಿತು. ಸುಳ್ಳು ಹೇಳಬಹುದಿತ್ತು. ಗುಬ್ಬಿ ಎಂದಷ್ಟೇ ಹೇಳಿ ತಪ್ಪಿಸಿಕೊಳ್ಳಬಹುದಿತ್ತು.

"ನಾ ಲಕ್ಷ್ಮಣರೀ ಅಮ್ಮಾ," ಎಂದ. "ಜವಳಗೇರಾ. ಅಂಬೇಡ್ಕರ್ ನಗರದಾಂವ."

ಆ ದನಿ ಗುರುತಿಸಿ ಕರಿಬಸಯ್ಯನ ತುಟಿ ಅಲುಗಿತು. "ಗುಬ್ಬೀ," ಎಂದ. "ನಿನ್ನ ಗಾಲಿ... ನಿಂತಾವೇನು?"

ಅಂಬಮ್ಮ ಬಂದು ಲಕ್ಷ್ಮಣನ ಕೈಯಿಂದ ಬಟ್ಟಲು ತೆಗೆದುಕೊಂಡರು. ಒಳಗೆ ಹೋದರು. ಡಬ್ಬಿಯ ಸದ್ದಾಯಿತು. ತಿರುಗಿ ಬಂದಾಗ ಬಟ್ಟಲು ತುಂಬಿತ್ತು. ಅದನ್ನು ಅವನ ಕೈಗೇ ಇಟ್ಟರು.

"ನೀವ ತಿನಸ್ರಿ," ಎಂದರು. "ನನ್ನ ಕೈ ನಡಗಾಕತ್ತಾವ."

ಲಕ್ಷ್ಮಣ ಸಕ್ಕರೆಗೆ ಬೆರಳದ್ದಿ ಅಣ್ಣನ ಬಾಯಿಗಿಟ್ಟ.

"ಇನ್ನೂ ಇಲ್ಲಣ್ಣಾ," ಎಂದ. "ನಿಮ್ಮವು ನಿಂತ ಮ್ಯಾಲೆ ಹೇಳ್ತೀನಿ."